ತೆರೆಯ ಮೇಲಿನ ಧಮ್ಮು, ಶಾಲೆ ಪಕ್ಕದ ಒಂಟಿ ಕಡ್ಡಿ

ಯಾವುದಾದರೂ ಒಂದು ಹೀರೋ ಎಂಟ್ರಿ ಶಾಟನ್ನು ಬಿಡಿಸಿ ನೋಡಿ. ಮೊದಲಿಗೆ ಮುಖ ಕಾಣುವುದಿಲ್ಲ, ಬೂಟು ಕಾಣುತ್ತದೆ. ಆಮೇಲೆ ಕೈ, ಕೈಯಲ್ಲಿ ಲೈಟರು. ಕಿಡಿ ಹೊತ್ತಿದಾಗ ಕತ್ತಲಲ್ಲಿ ಅರ್ಧ ಮುಖ ಬೆಳಗುತ್ತದೆ. ಹಿನ್ನೆಲೆ ಸಂಗೀತ ಗಕ್ಕನೆ ನಿಂತು, ಮೊದಲ ಹೊಗೆ ಹೊರಬಿದ್ದ ಕೂಡಲೇ ಮತ್ತೆ ಅಬ್ಬರಿಸುತ್ತದೆ. ಆ ಹೊಗೆ ಅಷ್ಟು ಚೆಂದ ಕಾಣಲು ಕಾರಣ ನಟನ ಬೆನ್ನ ಹಿಂದೆ ಇಟ್ಟ ಲೈಟು. ಎದುರಿನಿಂದ ಬೆಳಕು ಬಿದ್ದರೆ ಹೊಗೆ ಮಂಕಾಗಿ ಕರಗಿಹೋಗುತ್ತದೆ. ಹಿಂದಿನಿಂದ ಬಿದ್ದರೆ ಬೆಳ್ಳಗೆ ಸುರುಳಿ ಸುರುಳಿಯಾಗಿ ಎದ್ದು ಕಾಣುತ್ತದೆ. ನಿರ್ದೇಶಕರಿಗೆ ಇನ್ನೊಂದು ಅನುಕೂಲವೂ ಇದೆ. ಡೈಲಾಗಿಗೆ ಮುಂಚೆ ಎರಡು ಸೆಕೆಂಡ್ ಮೌನ ಬೇಕು, ಆ ಮೌನದಲ್ಲಿ ನಟನ ಕೈಗೊಂದು ಕೆಲಸ ಬೇಕು. ಸಿಗರೇಟು ಆ ಕೆಲಸವನ್ನು ಸಲೀಸಾಗಿ ಮಾಡಿಕೊಡುತ್ತದೆ.

ಆ ಶಾಟಿನಲ್ಲಿ ಏನೇನು ಇಲ್ಲ ಎಂಬುದನ್ನೂ ನೋಡಬೇಕು. ಸಿನಿಮಾದ ಸಿಗರೇಟು ಮುಗಿಯುವುದೇ ಅಪರೂಪ. ಎರಡು ಧಮ್ಮು ಎಳೆದು ಕೆಳಗೆಸೆದು ಬೂಟಿನಲ್ಲಿ ಹೊಸಕುತ್ತಾರೆ, ಇಲ್ಲವೇ ಅಲ್ಲಿಗೆ ಶಾಟ್ ಕಟ್ ಆಗುತ್ತದೆ. ತುದಿಗೆ ಬಂದಾಗಿನ ಕಹಿ, ಬೆರಳಿಗೆ ಹತ್ತುವ ಹಳದಿ ಕಲೆ, ಅಂಗಿಗೆ ಅಂಟಿದ ವಾಸನೆ, ಬೆಳಿಗ್ಗೆ ಎದ್ದಾಗಿನ ಕಫ ಯಾವುದೂ ತೆರೆಗೆ ಬರುವುದಿಲ್ಲ. ಮೊದಲ ಸಲ ಹೊಗೆ ಒಳಗೆಳೆದುಕೊಂಡವನಿಗೆ ಕೆಮ್ಮು ಬರುತ್ತದೆ, ತಲೆ ಸುತ್ತುತ್ತದೆ, ಬಾಯಲ್ಲಿ ನೀರೂರಿ ಹೊಟ್ಟೆ ತೊಳಸುತ್ತದೆ. ಅದಂತೂ ಇಲ್ಲವೇ ಇಲ್ಲ. ಇನ್ನೊಂದು ಮಾತು: ಶೂಟಿಂಗಿನಲ್ಲಿ ಎಷ್ಟೋ ಸಲ ತಂಬಾಕಿಲ್ಲದ, ಗಿಡಮೂಲಿಕೆ ತುಂಬಿದ ಸಿಗರೇಟು ಬಳಸುತ್ತಾರೆ. ಅದರ ಹೊಗೆಯಲ್ಲೂ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಆದರೆ ಚಟ ಹಿಡಿಸುವ ನಿಕೋಟಿನ್ ಇರುವುದಿಲ್ಲ. ಅದನ್ನು ನೋಡಿಕೊಂಡು ಬಂದ ಹುಡುಗ ಪೆಟ್ಟಿಗೆ ಅಂಗಡಿಯಲ್ಲಿ ಕೊಳ್ಳುವ ಕಡ್ಡಿಯಲ್ಲಿ ನಿಕೋಟಿನ್ ಇದ್ದೇ ಇರುತ್ತದೆ.

"ಸಿನಿಮಾ ನೋಡಿ ಯಾರೂ ಕೆಡಲ್ಲ, ಸಹವಾಸದಿಂದ ಕೆಡ್ತಾರೆ" ಎನ್ನುವವರು ನಮ್ಮಲ್ಲಿ ಬಹಳ. ಸಹವಾಸದ ಪಾತ್ರ ದೊಡ್ಡದು, ಒಪ್ಪೋಣ. ಆದರೆ ಸಿನಿಮಾದ ಪಾತ್ರವನ್ನು ಅಳೆದು ನೋಡಿದವರಿದ್ದಾರೆ. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅದುವರೆಗೆ ಸಿಗರೇಟು ಮುಟ್ಟದ ಶಾಲಾ ಮಕ್ಕಳನ್ನು ಗುರುತು ಮಾಡಿಕೊಂಡು, ಅವರು ನೋಡಿದ ಸಿನಿಮಾಗಳಲ್ಲಿ ಧೂಮಪಾನದ ದೃಶ್ಯಗಳು ಎಷ್ಟಿದ್ದವು ಎಂದು ಎಣಿಸಿ, ಮುಂದೆ ಯಾರು ಶುರು ಮಾಡಿದರು ಎಂದು ನೋಡಿದರು. ಅತಿ ಹೆಚ್ಚು ದೃಶ್ಯ ನೋಡಿದ ಗುಂಪಿನವರು ಅತಿ ಕಡಿಮೆ ನೋಡಿದವರಿಗಿಂತ ಸುಮಾರು 2.7 ಪಟ್ಟು ಹೆಚ್ಚಾಗಿ ಸಿಗರೇಟು ಹಿಡಿದಿದ್ದರು. ಗೆಳೆಯರು, ಮನೆಯವರು, ಓದು, ಸ್ವಭಾವ ಎಲ್ಲದರ ಪ್ರಭಾವವನ್ನು ಲೆಕ್ಕದಲ್ಲಿ ಕಳೆದ ಮೇಲೆ ಉಳಿದ ಅಂತರ ಇದು. ನಮ್ಮ ದೇಶದ್ದೇ ಬೇಕೆಂದರೆ, ದೆಹಲಿಯ 12 ಶಾಲೆಗಳ ಎಂಟು, ಒಂಬತ್ತನೇ ತರಗತಿಯ 3956 ಮಕ್ಕಳನ್ನು ಹಿಂದಿ ಸಿನಿಮಾಗಳ ಬಗ್ಗೆ ಕೇಳಿ ಮಾಡಿದ ಅಧ್ಯಯನ 2012ರಲ್ಲಿ ಬಂತು. ಅಲ್ಲಿಯೂ ತಂಬಾಕಿನ ದೃಶ್ಯಗಳನ್ನು ಹೆಚ್ಚು ನೋಡಿದ ಮಕ್ಕಳಲ್ಲಿ ತಂಬಾಕಿನ ರುಚಿ ನೋಡುವ ಸಾಧ್ಯತೆ ಎರಡು ಪಟ್ಟಿಗೂ ಮೀರಿತ್ತು. ಇಂಥ ಪುರಾವೆಗಳನ್ನೆಲ್ಲ ಒಟ್ಟುಗೂಡಿಸಿದ ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2012ರಲ್ಲಿ ಸುತ್ತಿ ಬಳಸದೆ ಹೇಳಿತು: ಸಿನಿಮಾದ ಧೂಮಪಾನ ದೃಶ್ಯಗಳಿಗೂ ಹದಿಹರೆಯದವರು ಸಿಗರೇಟು ಶುರು ಮಾಡುವುದಕ್ಕೂ ಇರುವುದು ಕಾರಣ ಮತ್ತು ಪರಿಣಾಮದ ಸಂಬಂಧ.

2003ರ ಆ ಅಧ್ಯಯನದಲ್ಲಿ ತಂದೆ ತಾಯಂದಿರು ಗಮನಿಸಬೇಕಾದ ಒಂದು ಅಂಶ ಮೂಲೆಯಲ್ಲಿ ಉಳಿದುಬಿಟ್ಟಿದೆ. ಅಪ್ಪ ಅಮ್ಮ ಇಬ್ಬರೂ ಸೇದದ ಮನೆಯ ಮಕ್ಕಳ ಮೇಲೆ ಸಿನಿಮಾದ ಪ್ರಭಾವ ಇನ್ನೂ ಜೋರಾಗಿತ್ತು. ಮನೆಯಲ್ಲಿ ಸೇದುವವರನ್ನು ದಿನಾ ನೋಡುವ ಮಗುವಿಗೆ ಅದರ ಕೆಮ್ಮು, ನಾತ, ಜಗಳ ಎಲ್ಲ ಗೊತ್ತಿರುತ್ತದೆ. ಸೇದದ ಮನೆಯ ಮಗುವಿಗೆ ಸಿಗರೇಟಿನ ಪರಿಚಯ ಆಗುವುದೇ ತೆರೆಯ ಮೇಲೆ, ಹಿಂದಿನಿಂದ ಲೈಟು ಬಿಟ್ಟ ಶಾಟಿನಲ್ಲಿ. "ನಮ್ಮನೇಲಿ ಯಾರೂ ಸೇದಲ್ಲ, ನಮಗೇನು ಚಿಂತೆ" ಎಂದು ಕೈ ಕಟ್ಟಿ ಕೂರುವಂತಿಲ್ಲ ಎಂದಾಯಿತು. ಇನ್ನು, ಖಳನಾಯಕ ಸೇದಿದರೆ ಪರವಾಗಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಸೇದುವ ಪಾತ್ರ ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರಭಾವ ಇದ್ದೇ ಇದೆ. ಈಚಿನ ಸಿನಿಮಾಗಳಲ್ಲಿ ಖಳನಿಗೂ ಹೀರೋಗೂ ಅಂತರ ಕಮ್ಮಿ ಬೇರೆ. ಹೆಣ್ಣುಮಕ್ಕಳಿಗೆ ಇನ್ನೊಂದು ಅಚ್ಚು ತಯಾರಾಗಿದೆ: ಯಾರ ಹಂಗೂ ಇಲ್ಲದ, ದಿಟ್ಟ ಹುಡುಗಿ ಎಂದು ತೋರಿಸಬೇಕಾದಾಗಲೆಲ್ಲ ಅವಳ ಕೈಗೆ ಸಿಗರೇಟು ಕೊಡುವುದು. ದಿಟ್ಟತನ ತೋರಿಸಲು ಬರಹಗಾರರಿಗೆ ಇಷ್ಟೇನಾ ದಾರಿ ಇರುವುದು?

ಹಾಸನದವರಿಗೆ ಈ ವಿಷಯ ದೂರದ್ದಲ್ಲ. 2021ರ ಜನವರಿಯಲ್ಲಿ ಕೆಜಿಎಫ್ ಎರಡನೇ ಭಾಗದ ಟೀಸರ್ ಬಂದಾಗ, ಗುಂಡು ಹಾರಿಸಿ ಕಾದು ಕೆಂಪಾದ ಬಂದೂಕಿನ ನಳಿಗೆಯಿಂದ ಯಶ್ ಸಿಗರೇಟು ಹೊತ್ತಿಸುವ ದೃಶ್ಯಕ್ಕೆ ರಾಜ್ಯ ತಂಬಾಕು ನಿಯಂತ್ರಣ ಕೋಶ ನೋಟಿಸ್ ಕೊಟ್ಟಿತು, ದೃಶ್ಯ ತೆಗೆಯುವಂತೆ ಕೇಳಿತು. ಯಶ್ ಹಾಸನ ಜಿಲ್ಲೆಯಲ್ಲಿ ಹುಟ್ಟಿದವರು. ಇಲ್ಲಿನ ಹುಡುಗರಿಗೆ ಅವರ ಮೇಲಿರುವ ಅಭಿಮಾನ ಬರೀ ಸಿನಿಮಾದ ಅಭಿಮಾನವಲ್ಲ, ಸ್ವಂತ ಊರಿನವರ ಮೇಲಿನ ಹೆಮ್ಮೆ. ಆ ಹೆಮ್ಮೆಗೆ ನಮ್ಮ ತಕರಾರಿಲ್ಲ. ಅದರ ಬಲದ ಮೇಲೆ ಕೂತು ಊರೂರು ಸುತ್ತುವ ಸಿಗರೇಟಿನ ಬಗ್ಗೆ ತಕರಾರಿದೆ. ಡಾ. ರಾಜ್‌ಕುಮಾರ್ ದಶಕಗಳ ಕಾಲ ಸಿಗರೇಟು, ಮದ್ಯದ ಊರುಗೋಲಿಲ್ಲದೆ ಹೀರೋ ಆಗಿ ನಿಂತ ನಾಡು ಇದು. ಹೀರೋಗಿರಿಗೆ ಹೊಗೆ ಬೇಕೇ ಬೇಕು ಎಂದು ಕನ್ನಡದವರಿಗೆ ಹೇಳಿದರೆ ನಂಬುವುದು ಹೇಗೆ?

ಕಾನೂನು ಏನು ಹೇಳುತ್ತದೆ, ಎಲ್ಲಿ ಸೋರುತ್ತದೆ ಎಂಬುದು ತಿಳಿದಿದ್ದರೆ ಒಳ್ಳೆಯದು. 2005ರಲ್ಲಿ ಕೇಂದ್ರ ಸರ್ಕಾರ ಸಿನಿಮಾದಲ್ಲಿ ಧೂಮಪಾನದ ದೃಶ್ಯವನ್ನೇ ನಿಷೇಧಿಸಲು ಹೊರಟಿತು. ದೆಹಲಿ ಹೈಕೋರ್ಟ್ 2009ರಲ್ಲಿ ಆ ನಿಯಮವನ್ನು ರದ್ದುಪಡಿಸಿತು, ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೊನೆಗೆ ಜಾರಿಗೆ ಬಂದದ್ದು ಎಚ್ಚರಿಕೆಯ ನಿಯಮ. 2012ರ ಅಕ್ಟೋಬರ್ 2ರಿಂದ ಈಗಿನ ರೂಪದಲ್ಲಿದೆ. ತಂಬಾಕು ತೋರಿಸುವ ಸಿನಿಮಾದ ಆರಂಭದಲ್ಲಿ ಮತ್ತು ಮಧ್ಯದಲ್ಲಿ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶ, ಜೊತೆಗೆ ಎರಡೂ ಕಡೆ ಕನಿಷ್ಠ 20 ಸೆಕೆಂಡಿನ ದೃಶ್ಯ-ಶ್ರಾವ್ಯ ಎಚ್ಚರಿಕೆ, ಮತ್ತು ತಂಬಾಕು ಕಾಣುವಷ್ಟು ಹೊತ್ತೂ ಪರದೆಯ ಕೆಳಭಾಗದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಸಾಲು ಇರಬೇಕು. ಬ್ರ್ಯಾಂಡ್ ಹೆಸರು ಕಾಣಬಾರದು. ಪೋಸ್ಟರಿನಲ್ಲಿ ತಂಬಾಕು ಇರಬಾರದು. 2023ರ ಸೆಪ್ಟೆಂಬರ್ 1ರಿಂದ ಇವೇ ನಿಯಮಗಳು ಒಟಿಟಿಗೂ ಅನ್ವಯಿಸುತ್ತವೆ.

ಈ ಎಚ್ಚರಿಕೆಯಿಂದ ಪ್ರಯೋಜನವೇ ಇಲ್ಲ ಎಂದು ಮೂಗು ಮುರಿಯುವವರ ಜೊತೆ ನಾವು ಸೇರುವುದಿಲ್ಲ. 1999ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಸಿನಿಮಾಕ್ಕೆ ಮುಂಚೆ ಧೂಮಪಾನ ವಿರೋಧಿ ಜಾಹೀರಾತು ನೋಡಿದ ಒಂಬತ್ತನೇ ತರಗತಿಯ ಮಕ್ಕಳ ಮೇಲೆ ಸಿನಿಮಾದ ಸಿಗರೇಟಿನ ಆಕರ್ಷಣೆ ಕೆಲಸ ಮಾಡಲಿಲ್ಲ. ಆದರೆ ಜಾಹೀರಾತು ಕಣ್ಣಿಗೆ ಬಿದ್ದರೆ ತಾನೇ? ನಮ್ಮ ಥಿಯೇಟರುಗಳಲ್ಲಿ ಮೊದಲ ಸಂದೇಶ ಓಡುವಾಗ ಅರ್ಧ ಜನ ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕುತ್ತಿರುತ್ತಾರೆ. ಎರಡನೆಯದು ಓಡುವಾಗ ಪಾಪ್‌ಕಾರ್ನ್ ಸಾಲಿನಲ್ಲೋ ಶೌಚಾಲಯದ ಸಾಲಿನಲ್ಲೋ ನಿಂತಿರುತ್ತಾರೆ. ಥಿಯೇಟರ್ ಮ್ಯಾನೇಜರುಗಳು ಮನಸ್ಸು ಮಾಡಿದರೆ ಇದನ್ನು ಖರ್ಚಿಲ್ಲದೆ ಸರಿಪಡಿಸಬಹುದು: ಬಾಗಿಲು ಹಾಕಿ, ದೀಪ ಆರಿಸಿ, ಜನ ಕೂತ ಮೇಲೆ ಸಂದೇಶ ಬಿಡುವುದು, ಇಂಟರ್‌ವೆಲ್ ಮುಗಿದ ಬೆಲ್ ಹೊಡೆದು ಒಂದು ನಿಮಿಷ ಕಾದು ಎರಡನೆಯದು ಬಿಡುವುದು. ಸಂದೇಶವನ್ನೇ ಹಾರಿಸಿದ ಪ್ರದರ್ಶನ ಕಂಡರೆ ಥಿಯೇಟರಿನ ಹೆಸರು, ಸಿನಿಮಾ, ದಿನಾಂಕ, ಶೋ ಸಮಯ ಬರೆದು ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕೊಡಿ. ಟಿಕೆಟ್ ಲಗತ್ತಿಸಿದರೆ ದೂರಿಗೆ ತೂಕ ಬರುತ್ತದೆ.

ನಿಜವಾದ ತೂತು ಇರುವುದು ಫೋನಿನಲ್ಲಿ. ಸಿನಿಮಾ ಇರುವುದು ಅಗಲದ ಚೌಕಟ್ಟಿನಲ್ಲಿ, ರೀಲ್ಸ್ ಇರುವುದು ಉದ್ದನೆಯ ಚೌಕಟ್ಟಿನಲ್ಲಿ. ಅಗಲದ ದೃಶ್ಯವನ್ನು ರೀಲ್ಸಿಗೆ ಹೊಂದಿಸುವಾಗ ಎತ್ತರ ಉಳಿಯುತ್ತದೆ, ಎಡಬಲ ಕತ್ತರಿಸಿಹೋಗುತ್ತದೆ. ಎಚ್ಚರಿಕೆಯ ಸಾಲು ಸಾಮಾನ್ಯವಾಗಿ ಕೂತಿರುವುದು ಕೆಳಗಿನ ಮೂಲೆಯಲ್ಲಿ. ನಡುವೆ ಹೀರೋ ಉಳಿದ, ಮೂಲೆಯ ಎಚ್ಚರಿಕೆ ಹಾರಿಹೋಯಿತು. ಒಂದು ವೇಳೆ ಅಕ್ಷರ ಉಳಿದರೂ ಅದರ ಮೇಲೆ ಅಕೌಂಟಿನ ಹೆಸರು, ಕ್ಯಾಪ್ಷನ್, ಹಾಡಿನ ಹೆಸರು ಬಂದು ಕೂರುತ್ತವೆ. 30 ಸೆಕೆಂಡಿನ ಆರೋಗ್ಯ ಸಂದೇಶವನ್ನಂತೂ ಫ್ಯಾನ್ ಎಡಿಟ್ ಮಾಡುವವರು ಹಾಕುವುದಿಲ್ಲ. ಥಿಯೇಟರಿನಲ್ಲಿ ಎರಡೂವರೆ ಗಂಟೆಯಲ್ಲಿ ಒಮ್ಮೆ ಬಂದ ಶಾಟು ಫೋನಿನಲ್ಲಿ ಹದಿನೈದು ಸೆಕೆಂಡಿಗೊಮ್ಮೆ ತಿರುಗಿ ತಿರುಗಿ ಬರುತ್ತದೆ, ಕಥೆ ಇಲ್ಲದೆ, ಪಾತ್ರಕ್ಕೆ ಕೊನೆಗೆ ಏನಾಯಿತು ಎಂಬುದೂ ಇಲ್ಲದೆ. ಮಕ್ಕಳು ಎಷ್ಟು ಸಿನಿಮಾ ನೋಡಿದರು ಎಂದು ಲೆಕ್ಕ ಇಡುವ ತಂದೆ ತಾಯಂದಿರು ಮೊದಲು ರೀಲ್ಸ್ ಕಡೆ ನೋಡಬೇಕು. ಅಂಥ ವಿಡಿಯೋ ಬಂದಾಗ "ಆಸಕ್ತಿ ಇಲ್ಲ" ಎಂಬ ಆಯ್ಕೆ ಒತ್ತುವುದನ್ನು ಕೆಲವು ದಿನ ಬಿಡದೆ ಮಾಡಿದರೆ ಅವು ಬರುವುದು ಕಡಿಮೆಯಾಗುತ್ತದೆ. ಮಗುವನ್ನೇ ಜೊತೆಗೆ ಕೂರಿಸಿಕೊಂಡು ಇದನ್ನು ಮಾಡಿಸಿ. ಫೋನ್ ಕಿತ್ತುಕೊಂಡು ಮಾಡಿದರೆ ಗೆಳೆಯನ ಫೋನಿನಲ್ಲಿ ಅದೇ ನೋಡುತ್ತಾನೆ.

ಮಲೆನಾಡಿಗೇ ಅಂಟಿಕೊಂಡ ಒಂದು ನಂಬಿಕೆ ಇದೆ: ಚಳಿಗೆ ಒಂದು ಧಮ್ಮು ಹೊಡೆದರೆ ಮೈ ಬೆಚ್ಚಗಾಗುತ್ತದೆ ಎಂದು. ಮೂಡಿಗೆರೆ, ಸಕಲೇಶಪುರದ ಕಡೆ ಜಡಿಮಳೆ ಹಿಡಿದಾಗ ಬಸ್ ಸ್ಟಾಪಿನಲ್ಲಿ ನಿಂತ ಪಿಯುಸಿ ಹುಡುಗರ ಬಾಯಲ್ಲೂ ಇದೇ ಮಾತು. ಮಂಜು, ಮಳೆ, ಜೀಪು, ಕೈಯಲ್ಲಿ ಸಿಗರೇಟು ಎಂಬ ಚೌಕಟ್ಟನ್ನು ಸಿನಿಮಾಗಳೂ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಚೆನ್ನಾಗಿಯೇ ಬಳಸಿಕೊಂಡಿವೆ. ದೇಹದೊಳಗೆ ನಡೆಯುವುದು ಇದಕ್ಕೆ ಉಲ್ಟಾ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳ ತುದಿಗೆ ಹೋಗುವ ರಕ್ತ ಕಡಿಮೆಯಾಗಿ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಬೆಚ್ಚಗೆ ಅನ್ನಿಸುವುದು ಬಾಯಿ ಗಂಟಲಿಗೆ ತಾಗಿದ ಬಿಸಿ ಹೊಗೆಯಿಂದ, ಅದೂ ಕೆಲವೇ ಕ್ಷಣ. ಹುಡುಗರಿಗೆ ಕ್ಯಾನ್ಸರ್ ಭಾಷಣಕ್ಕಿಂತ ಇದು ಬೇಗ ನಾಟುತ್ತದೆ, ಏಕೆಂದರೆ ಅವರು ಹೇಳಿಕೊಳ್ಳುವ ಕಾರಣವನ್ನೇ ಇದು ಕಿತ್ತುಹಾಕುತ್ತದೆ.

ಹಾಸನ ಜಿಲ್ಲೆಯಲ್ಲಿ ಇನ್ನೊಂದು ಸಂಗತಿಯನ್ನು ಮರೆತು ಮಾತಾಡುವಂತಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಮಳೆಗಾಲದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸೌದೆ ಉರಿಸಿ ಹದ ಮಾಡುವ ಕೆಲಸ ಅಲ್ಲಿನ ಎಷ್ಟೋ ಮನೆಗಳ ಜೀವನ. ಒದ್ದೆ ಎಲೆಯನ್ನು ಬರಿಗೈಯಲ್ಲಿ ಹಿಡಿದು ಕೆಲಸ ಮಾಡಿದವರಿಗೆ ತಲೆಸುತ್ತು, ವಾಂತಿ, ತಲೆನೋವು, ಮೈ ನಡುಕ ಬರುವುದುಂಟು. ಇಬ್ಬನಿ, ಮಳೆ ನೀರು, ಬೆವರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಇಳಿದಾಗ ಆಗುವ ವಿಷದ ಲಕ್ಷಣ ಇದು. ಮಕ್ಕಳಿಗೆ ಇದು ಬೇಗ ಏರುತ್ತದೆ, ಆದ್ದರಿಂದ ಅವರನ್ನು ಎಲೆ ಕೆಲಸಕ್ಕೆ ಹಚ್ಚಲೇಬಾರದು. ದೊಡ್ಡವರು ಎಲೆಯ ನೀರು ಆರಿದ ಮೇಲೆ, ಕೈಗವಸು ಮತ್ತು ತುಂಬು ತೋಳಿನ ಅಂಗಿ ಹಾಕಿ ಕೆಲಸ ಮಾಡಬೇಕು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮೊದಲ ಸಿಗರೇಟಿನಲ್ಲಿ ಹುಡುಗನಿಗೆ ಬರುವ ತಲೆಸುತ್ತು, ಹೊಟ್ಟೆ ತೊಳಸುವಿಕೆ ಇದೇ ವಿಷದ್ದು. ಅರಕಲಗೂಡಿನ ಮಕ್ಕಳಿಗೆ ಅದನ್ನು ಪಠ್ಯದಿಂದ ಕಲಿಸಬೇಕಾಗಿಲ್ಲ, ಮನೆಯಲ್ಲೇ ಯಾರಿಗಾದರೂ ಆದದ್ದನ್ನು ಕಂಡಿರುತ್ತಾರೆ. ಹಾಗೆಂದು ಆ ಶಾಲೆಗಳಲ್ಲಿ ಬೆಳೆಗಾರರನ್ನು ಬೈಯುವ ಧಾಟಿ ಬೇಡ. ಅಪ್ಪನ ಬೆಳೆಯನ್ನು ಬೈದ ಮೇಷ್ಟರ ಮಾತನ್ನು ಮಗು ಮುಂದೆ ಕೇಳುವುದಿಲ್ಲ.

ಶಾಲೆಯಲ್ಲಿ ಮಾಡಬಹುದಾದ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕಾರ್ಯಕ್ರಮಗಳೇ ಹೆಚ್ಚು ಕೆಡುವುದು. ಎಂಟು, ಒಂಬತ್ತನೇ ತರಗತಿ ಸರಿಯಾದ ವಯಸ್ಸು. ಹತ್ತಕ್ಕೆ ಬಂದರೆ ಪರೀಕ್ಷೆಯ ಗಲಾಟೆ, ಪಿಯುಸಿಗೆ ಬಂದರೆ ಕೆಲವರಿಗೆ ಆಗಲೇ ತಡವಾಗಿರುತ್ತದೆ. 40 ನಿಮಿಷದ ಒಂದು ಪೀರಿಯಡ್ ಸಾಕು. ಮೂರು ನಿಮಿಷ ಮೀರದ ಒಂದು ದೃಶ್ಯ ಆರಿಸಿಕೊಳ್ಳಿ. ಈಗ ಓಡುತ್ತಿರುವ ಸ್ಟಾರ್‌ನ ಮಾಸ್ ದೃಶ್ಯ ಬೇಡವೇ ಬೇಡ. ಹಾಕಿದರೆ ಕ್ಲಾಸಿನಲ್ಲಿ ಶಿಳ್ಳೆ ಬೀಳುತ್ತದೆ, ನೀವು ಸಿಗರೇಟಿಗೆ ಇನ್ನೊಂದು ಪ್ರದರ್ಶನ ಏರ್ಪಡಿಸಿದಂತಾಗುತ್ತದೆ. ಹಳೆಯದೊಂದು, ಮಕ್ಕಳಿಗೆ ಮೋಹವಿಲ್ಲದ ನಟನ ದೃಶ್ಯ ಇರಲಿ. ಮೊದಲ ಸಲ ಧ್ವನಿ ಪೂರ್ತಿ ಮುಚ್ಚಿ ತೋರಿಸಿ. ಸಂಗೀತ ಹೋದ ಕೂಡಲೇ ದೃಶ್ಯದ ಅರ್ಧ ಗತ್ತು ಇಳಿದುಹೋಗುವುದು ಮಕ್ಕಳಿಗೇ ಕಾಣುತ್ತದೆ. ಎರಡನೇ ಸಲ ಧ್ವನಿ ಸಮೇತ ತೋರಿಸಿ, ಬೆಳಕು ಎಲ್ಲಿಂದ ಬರುತ್ತಿದೆ, ಕ್ಯಾಮೆರಾ ಮೇಲಿದೆಯೋ ಕೆಳಗಿದೆಯೋ, ಎಷ್ಟು ಧಮ್ಮು ಎಳೆದ, ಕಡ್ಡಿಯನ್ನು ಏನು ಮಾಡಿದ ಎಂದು ಬರೆಯಲು ಹೇಳಿ. ಆಮೇಲೆ ಮುಖ್ಯವಾದ ಪ್ರಶ್ನೆ: ಈ ದೃಶ್ಯದಲ್ಲಿ ಯಾವುದನ್ನು ಬಿಟ್ಟಿದ್ದಾರೆ? ವಾಸನೆ, ಬೂದಿ, ದುಡ್ಡು, ಕೆಮ್ಮು, ಪಕ್ಕದಲ್ಲಿ ಕೂತವರ ಮುಖ ಎಂದು ಪಟ್ಟಿ ತಾನಾಗಿ ಬೆಳೆಯುತ್ತದೆ.

ಕೊನೆಯ ಹದಿನೈದು ನಿಮಿಷ ಐದೈದು ಮಕ್ಕಳ ಗುಂಪು ಮಾಡಿ, ಅದೇ ದೃಶ್ಯವನ್ನು ಸಿಗರೇಟಿಲ್ಲದೆ, ಗತ್ತು ಕಡಿಮೆಯಾಗದಂತೆ ಮತ್ತೆ ಬರೆಯಲು ಕೊಡಿ. ನಟನ ಕೈಗೆ ಬೇರೆ ಕೆಲಸ ಹುಡುಕಬೇಕು: ಬೈಕಿನ ಕೀ ತಿರುಗಿಸುವುದು, ಲೋಟದಿಂದ ಲೋಟಕ್ಕೆ ಎತ್ತರದಿಂದ ಕಾಫಿ ಹೊಯ್ಯುವುದು, ವಾಚ್ ಬಿಚ್ಚಿಡುವುದು. ಇಲ್ಲಿ ಮಕ್ಕಳಿಗೆ ಅರ್ಥವಾಗುವುದು ಏನೆಂದರೆ ಗತ್ತು ಹುಟ್ಟುವುದು ಕ್ಯಾಮೆರಾ, ಬೆಳಕು, ಸಂಗೀತ, ನಟನೆಯಿಂದ. ತಾವೇ ಕಂಡುಕೊಂಡ ಈ ಮಾತು ಮೇಷ್ಟರು ಹೇಳಿದ ಹತ್ತು ಮಾತಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಎಲ್ಲಿ ಕೆಡುತ್ತದೆ ಎಂಬುದೂ ಗೊತ್ತಿರಲಿ. "ಯಾರು ಯಾರು ಸೇದಿದ್ದೀರಿ, ಕೈ ಎತ್ತಿ" ಎಂದು ಕೇಳಬೇಡಿ. ಸೇದಿದವನು ಸುಳ್ಳು ಹೇಳುತ್ತಾನೆ, ಸೇದದವನಿಗೆ ಎಲ್ಲರೂ ಸೇದುತ್ತಾರೇನೋ ಎಂಬ ಅನುಮಾನ ಹುಟ್ಟುತ್ತದೆ. ನಟನನ್ನು ಹೀಗಳೆಯಬೇಡಿ, ಅಭಿಮಾನಿ ಹುಡುಗ ನಟನ ಪರ ವಾದಕ್ಕೆ ನಿಂತುಬಿಡುತ್ತಾನೆ. ಹುಣ್ಣಾದ ಬಾಯಿಯ ಚಿತ್ರ ತೋರಿಸಿ ಮುಗಿಸುವುದೂ ಸಾಲದು. ಹದಿನಾಲ್ಕರ ಹುಡುಗನಿಗೆ ಐವತ್ತರಲ್ಲಿ ಬರುವ ಕಾಯಿಲೆ ಬೇರೆ ಯಾರದೋ ಕಾಯಿಲೆ. ಅವನ ಈಗಿನ ಬದುಕಿನ ಲೆಕ್ಕ ಹಿಡಿಯಿರಿ: ಕಬಡ್ಡಿ, ಓಟದಲ್ಲಿ ಉಸಿರು ಕಟ್ಟುವುದು, ಬಾಯಿ ವಾಸನೆ, ಕೈಯಲ್ಲಿ ಉಳಿಯದ ಕಾಸು. ದಿನಕ್ಕೆ ಎರಡು ಕಡ್ಡಿ, ಒಂದಕ್ಕೆ 15 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 900, ವರ್ಷಕ್ಕೆ 10,950 ರೂಪಾಯಿ. ಅದನ್ನು ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ಗುಣಿಸಿಸಿ.

ಇನ್ನೊಂದು ಸಣ್ಣ ಕೆಲಸ ಬಹಳ ಫಲ ಕೊಡುತ್ತದೆ. ಹೆಸರು ಬರೆಯದ ಚೀಟಿ ಹಂಚಿ, "ಕರ್ನಾಟಕದಲ್ಲಿ ನಿಮ್ಮ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಜನ ತಂಬಾಕು ಬಳಸುತ್ತಾರೆ?" ಎಂದು ಊಹಿಸಲು ಹೇಳಿ. ಊಹೆ ಸಾಮಾನ್ಯವಾಗಿ ವಾಸ್ತವಕ್ಕಿಂತ ಎಷ್ಟೋ ಮೇಲಿರುತ್ತದೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳ ಪ್ರಮಾಣ ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2. ಮಕ್ಕಳು ತಾವೇ ಹೇಳಿದ್ದನ್ನು ಆಧರಿಸಿದ ಲೆಕ್ಕವಾದ್ದರಿಂದ ಒಂದಷ್ಟು ಮುಚ್ಚಿಟ್ಟಿರಬಹುದು. ಆದರೂ ಸೇದದವರೇ ಬಹುಪಾಲು ಎಂಬುದರಲ್ಲಿ ಅನುಮಾನವಿಲ್ಲ. "ಎಲ್ಲರೂ ಸೇದ್ತಾರೆ" ಎಂಬ ಭಾವನೆಯನ್ನು ತೆರೆಯ ಮೇಲಿನ ಹೊಗೆ ಕಟ್ಟಿಕೊಡುತ್ತದೆ. ಈ ಚೀಟಿ ಅದನ್ನು ಅಲ್ಲಾಡಿಸುತ್ತದೆ.

ಆಸೆ ತೆರೆಯಿಂದ ಬಂದರೂ ಕಡ್ಡಿ ಸಿಗುವುದು ಅಂಗಡಿಯಲ್ಲಿ. ಪೂರ್ತಿ ಪ್ಯಾಕ್ ಕೊಳ್ಳುವ ದುಡ್ಡು ಹದಿನಾಲ್ಕರ ಹುಡುಗನ ಹತ್ತಿರ ಇರುವುದಿಲ್ಲ. ಪ್ಯಾಕಿನ ಮೇಲಿನ ಶೇ 85 ಜಾಗ ತುಂಬಿದ ಚಿತ್ರ ಎಚ್ಚರಿಕೆಯೂ ಬಿಡಿ ಕಡ್ಡಿಯ ಜೊತೆ ಬರುವುದಿಲ್ಲ. ಹಾಗಾಗಿ ಬಿಡಿ ಮಾರಾಟವೇ ಮಕ್ಕಳ ಪಾಲಿನ ಬಾಗಿಲು. 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ ಕರ್ನಾಟಕದ ತಿದ್ದುಪಡಿ ಕಾಯ್ದೆ ಈ ಬಾಗಿಲನ್ನು ಮುಚ್ಚಿದೆ: ಬಿಡಿ ಸಿಗರೇಟು ಮಾರುವಂತಿಲ್ಲ, 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1000 ರೂಪಾಯಿಗೆ ಏರಿದೆ. ಇದಲ್ಲದೆ ಬಾಲ ನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಂಗಡಿಯವರಲ್ಲಿ ಹೆಚ್ಚಿನವರಿಗೆ ಈ ಎರಡನೆಯದು ಗೊತ್ತೇ ಇಲ್ಲ. ದೂರು ಕೊಡುವ ಮುಂಚೆ ಶಾಲೆಯ ಕಡೆಯಿಂದ ಇಬ್ಬರು ಹೋಗಿ ಸಮಾಧಾನವಾಗಿ ಹೇಳಿದರೆ ಎಷ್ಟೋ ಅಂಗಡಿಗಳಲ್ಲಿ ಅಲ್ಲಿಗೇ ಮುಗಿಯುತ್ತದೆ, ಅವರಿಗೂ ಮಕ್ಕಳಿದ್ದಾರೆ.

ಶಾಲೆಯ ಸುತ್ತ ತಂಬಾಕು ಮಾರಬಾರದ ಜಾಗ ಗುರುತಿಸಲು ಹಳದಿ ಗೆರೆ ಎಳೆಯುವಾಗ ಒಂದು ತಪ್ಪು ಆಗುತ್ತದೆ. ಕೇಂದ್ರ ಕಾಯ್ದೆಯ 100 ಗಜ, ಅಂದರೆ ಸುಮಾರು 91 ಮೀಟರ್ ದೂರವನ್ನು ಗೇಟಿನಿಂದ ಅಳೆದುಬಿಡುತ್ತಾರೆ. ಅಳೆಯಬೇಕಾದದ್ದು ಕಾಂಪೌಂಡಿನ ಹೊರ ಅಂಚಿನಿಂದ, ಎಲ್ಲ ದಿಕ್ಕಿಗೂ. ಗೇಟಿನಿಂದ ಅಳೆದರೆ ಆಟದ ಮೈದಾನದ ಹಿಂದಿನ ಗಲ್ಲಿಯಲ್ಲಿರುವ ಅಂಗಡಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ, ಹುಡುಗರು ಹೋಗುವುದೂ ಅಲ್ಲಿಗೇ. ಟ್ಯೂಷನ್ ಸೆಂಟರ್, ಹಾಸ್ಟೆಲ್ ಸುತ್ತಲ ಅಂಗಡಿಗಳ ಮೇಲೂ ಕಣ್ಣಿರಲಿ. ಸಂಜೆ ಆರರಿಂದ ಎಂಟರವರೆಗೆ ಹುಡುಗರು ಇರುವುದು ಅಲ್ಲಿ.

ಮಗ ಶುರು ಮಾಡಿಬಿಟ್ಟಿದ್ದಾನೆ ಎಂದು ಗೊತ್ತಾದರೆ? ಏಲಕ್ಕಿ, ಮಿಂಟ್, ಡಿಯೋಡರೆಂಟ್ ಬಳಕೆ ಏಕಾಏಕಿ ಹೆಚ್ಚಿದರೆ, ಬ್ಯಾಗಿನಲ್ಲಿ ಲೈಟರ್ ಸಿಕ್ಕರೆ, ಅಂಗಿಯಲ್ಲಿ ಸಣ್ಣ ಸುಟ್ಟ ತೂತು ಕಂಡರೆ ಕೇಳುವುದಕ್ಕೆ ಕಾರಣ ಸಿಕ್ಕಿತು, ಹೊಡೆಯುವುದಕ್ಕಲ್ಲ. ಹೊಡೆದರೆ ಅಡಗಿಸುವ ಜಾಗ ಬದಲಾಗುತ್ತದೆ ಅಷ್ಟೆ. "ದಿನಕ್ಕೆ ಒಂದೇ ತಾನೇ" ಎಂದು ಅವನು ಹೇಳಿದರೆ ಹಗುರ ಮಾಡಬೇಡಿ. ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ತಲುಪುತ್ತದೆ, ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಬೆಳೆಯುತ್ತಿರುವ ಮಿದುಳಿನಲ್ಲಿ ಚಟದ ಲಕ್ಷಣ ದಿನನಿತ್ಯ ಸೇದುವ ಹಂತಕ್ಕೆ ಮುಂಚೆಯೇ, ಆಗೊಮ್ಮೆ ಈಗೊಮ್ಮೆ ಸೇದುತ್ತಿದ್ದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಮೊದಲ ಕೆಲವು ವಾರಗಳಿಗೆ ಅಷ್ಟು ಬೆಲೆ. ಕೇಳಬೇಕಾದ ಪ್ರಶ್ನೆಗಳು ಎರಡು: ಬಿಡಲು ಪ್ರಯತ್ನಿಸಿ ಆಗಲಿಲ್ಲವಾ? ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಬೇಕು ಅನ್ನಿಸುತ್ತದೆ? ಅರ್ಧ ಗಂಟೆಯೊಳಗೆ ಎಂದರೆ ಚಟ ಗಟ್ಟಿಯಾಗಿದೆ, ವೈದ್ಯರ ನೆರವು ಬೇಕು.

ಬಿಡುವಾಗ ಮೊದಲ ಮೂರು ದಿನ ಕಷ್ಟ. ಸಿಡುಕು, ನಿದ್ದೆಗೇಡು, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಹಸಿವು ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಪರೀಕ್ಷೆಯ ವಾರ ಶುರು ಮಾಡಿಸಬೇಡಿ. ಒಂದೊಂದು ಸಲದ ತುಡಿತ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತು ನೀರು ಕುಡಿಯುವುದು, ಎದ್ದು ಓಡಾಡುವುದು, ಯಾರಿಗಾದರೂ ಫೋನ್ ಮಾಡುವುದು, ಏನಾದರೂ ಮಾಡಿ ದಾಟಿಸಬೇಕು. ಮತ್ತೆ ಹಿಡಿಯುವುದು ಎಲ್ಲಿ ಎಂದರೆ ಅದೇ ಟೀ ಅಂಗಡಿಯ ಕಟ್ಟೆಯಲ್ಲಿ, ಜಾತ್ರೆಯಲ್ಲಿ, ಮೊದಲ ದಿನದ ಮೊದಲ ಶೋ ಮುಗಿದು ಗೆಳೆಯರೆಲ್ಲ ಹೊರಗೆ ನಿಂತಾಗ. ಆ ತಿಂಗಳು ಸಿನಿಮಾಕ್ಕೆ ಮನೆಯವರ ಜೊತೆ ಹೋಗುವುದು ಒಳ್ಳೆಯದು. ಸಿಗರೇಟು ಬಿಟ್ಟು ಪಾನ್ ಮಸಾಲಾ ಸ್ಯಾಶೆಗೆ ತಂಬಾಕಿನ ಸ್ಯಾಶೆ ಬೆರೆಸಿಕೊಳ್ಳುವುದು ಇಲ್ಲಿ ಮಾಮೂಲಿ. ಅದರಲ್ಲೂ ಅದೇ ನಿಕೋಟಿನ್, ಬಾಯಿ ಕ್ಯಾನ್ಸರಿನ ದಾರಿ ಇನ್ನೂ ಹತ್ತಿರ. ನಿಕೋಟಿನ್ ಚೂಯಿಂಗ್ ಗಮ್ ಅನ್ನು 18ರೊಳಗಿನವರಿಗೆ ನೀವೇ ಅಂಗಡಿಯಿಂದ ತಂದು ಕೊಡಬೇಡಿ, ವೈದ್ಯರನ್ನು ಕೇಳಿ. ಇ-ಸಿಗರೇಟು 2019ರಿಂದ ದೇಶದಲ್ಲಿ ನಿಷೇಧವಾಗಿದೆ, ಬಿಡಿಸುವ ಸಾಧನವೆಂದು ಅದನ್ನು ಹುಡುಕಬೇಡಿ.

ಜಿಲ್ಲಾಸ್ಪತ್ರೆಯ ತಂಬಾಕು ವ್ಯಸನ ಮುಕ್ತಿ ಕೇಂದ್ರಕ್ಕೆ ಹೋಗಲು ಹುಡುಗ ನಾಚಿಕೊಂಡರೆ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ: 1800-11-2356. ಕರೆ ಉಚಿತ. ಕನ್ನಡದಲ್ಲಿ ಮಾತಾಡಬಹುದು, ದಕ್ಷಿಣದ ಭಾಷೆಗಳ ಕರೆಗಳನ್ನು ನೋಡಿಕೊಳ್ಳುವುದು ಬೆಂಗಳೂರಿನ ನಿಮ್ಹಾನ್ಸ್. ಕರೆ ಮಾಡುವ ಮುಂಚೆ ದಿನಕ್ಕೆ ಎಷ್ಟು, ಯಾವ ಹೊತ್ತಿಗೆ, ಯಾರ ಜೊತೆ, ಎಷ್ಟು ತಿಂಗಳಿಂದ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ; ಆಪ್ತ ಸಮಾಲೋಚಕರಿಗೆ ಬೇಕಾಗುವುದು ಇದೇ ವಿವರ. ಫೋನನ್ನು ಹುಡುಗನ ಕೈಗೇ ಕೊಟ್ಟು ನೀವು ಪಕ್ಕದ ಕೋಣೆಗೆ ಹೋಗಿ. ಅಪ್ಪ ಅಮ್ಮ ಕೇಳಿಸಿಕೊಳ್ಳುತ್ತಿದ್ದರೆ ದಿನಕ್ಕೆ ಐದು ಇದ್ದದ್ದು ಒಂದಾಗುತ್ತದೆ.